ಕೈಯ ಜೋಮಿಗೆ ಆಪರೇಷನ್: ಯಾವುದು ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ

ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಬಲಗೈ ತನ್ನದಲ್ಲವೇನೋ ಎನ್ನುವಂತೆ ಮರಗಟ್ಟಿರುತ್ತದೆ. ಬೆರಳುಗಳಲ್ಲಿ ಇರುವೆ ಹರಿದ ಹಾಗೆ, ಸೂಜಿ ಚುಚ್ಚಿದ ಹಾಗೆ. ಎದ್ದು ಕುಳಿತು ಕೈ ಕೊಡವಿದರೆ, ಮಂಚದಿಂದ ಕೆಳಗೆ ಇಳಿಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಸರಿಯಾಗುತ್ತದೆ. ಬೆಳಗ್ಗೆ ಮಕ್ಕಳು ಕೇಳಿದರೆ ಉಮ್ಮನ ಉತ್ತರ ಒಂದೇ: "ಎಂತ ಇಲ್ಲ, ವಾತ ಇರಬೇಕು. ಎಣ್ಣೆ ತಿಕ್ಕಿದರೆ ಹೋಗ್ತದೆ."

ನಮ್ಮ ಮನೆಗಳಲ್ಲಿ ಇದು ಹೊಸ ಸಂಗತಿ ಅಲ್ಲ. ಬೀಡಿ ಕಟ್ಟುವ ಕೈ, ಪತ್ತಿರ್ ಒತ್ತುವ ಕೈ, ಮೀನು ಕೊಯ್ಯುವ ಕೈ, ಹೊಲಿಗೆ ಮೆಷಿನ್ ಹಿಡಿಯುವ ಕೈ, ಗಲ್ಫ್‌ನಲ್ಲಿ ಡ್ರಿಲ್ಲಿಂಗ್ ಮೆಷಿನ್ ಹಿಡಿಯುವ ಕೈ. ಇವುಗಳಲ್ಲಿ ಎಷ್ಟೋ ಕೈಗಳು ವರ್ಷಗಟ್ಟಲೆ ಜೋಮು ಹಿಡಿದುಕೊಂಡೇ ದುಡಿಯುತ್ತವೆ. ಕೊನೆಗೊಂದು ದಿನ ಡಾಕ್ಟರರ ಬಳಿ ಹೋದಾಗ "ಕಾರ್ಪಲ್ ಟನಲ್ ಸಿಂಡ್ರೋಮ್, ಆಪರೇಷನ್ ಬೇಕಾದೀತು" ಎನ್ನುತ್ತಾರೆ. ಆಗ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಕೊಯ್ದು ಮಾಡುವುದು ಒಳ್ಳೆಯದೋ, ಕ್ಯಾಮರಾ ಹಾಕಿ ಮಾಡುವುದು ಒಳ್ಳೆಯದೋ? ಖರ್ಚು ಯಾವುದಕ್ಕೆ ಜಾಸ್ತಿ? ಎಷ್ಟು ದಿನದಲ್ಲಿ ಕೆಲಸಕ್ಕೆ ಕೈ ಹಾಕಬಹುದು? ಇದಕ್ಕೆಲ್ಲ ಉತ್ತರ ಉಂಟು. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ನಾವು ಈಗಾಗಲೇ ಎಷ್ಟು ತಡ ಮಾಡಿದ್ದೇವೆ?

ಮಣಿಕಟ್ಟಿನ ಒಳಗಿನ ಸುರಂಗ

ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಇವು ಸೇರಿ ಒಂದು ತೋಡಿನ ಆಕಾರ ಆಗುತ್ತದೆ. ಆ ತೋಡಿನ ಮೇಲೆ ಅಂಗೈ ಬದಿಯಿಂದ ಒಂದು ಗಟ್ಟಿ ಪಟ್ಟಿ ಮುಚ್ಚಳದ ಹಾಗೆ ಹಾದುಹೋಗುತ್ತದೆ. ಎಲುಬು ಮತ್ತು ಪಟ್ಟಿಯ ನಡುವಿನ ಈ ಇಕ್ಕಟ್ಟಾದ ದಾರಿಗೇ ಕಾರ್ಪಲ್ ಟನಲ್ ಎನ್ನುವುದು. ಬೆರಳು ಮಡಚಲು ಬೇಕಾದ ಒಂಬತ್ತು ಸ್ನಾಯುರಜ್ಜುಗಳು ಮತ್ತು ಮೀಡಿಯನ್ ಎಂಬ ಒಂದು ನರ, ಒಟ್ಟು ಹತ್ತು ಹಗ್ಗಗಳು ಇದರೊಳಗೆ ಹಾದುಹೋಗುತ್ತವೆ.

ಎಲುಬು ಸರಿಯುವುದಿಲ್ಲ, ಪಟ್ಟಿ ಹಿಗ್ಗುವುದಿಲ್ಲ. ಒಳಗೆ ಸ್ವಲ್ಪ ಊತ ಬಂದರೂ ಒತ್ತಡ ಬೀಳುವುದು ನರದ ಮೇಲೆ, ಯಾಕೆಂದರೆ ಹತ್ತರಲ್ಲಿ ಮೆದು ಅದೊಂದೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗಕ್ಕೆ ಸ್ಪರ್ಶ ಕೊಡುವುದು ಈ ನರ. ಹೆಬ್ಬೆರಳಿನ ಬುಡದಲ್ಲಿ ಉಬ್ಬಿರುವ ಮಾಂಸಖಂಡವನ್ನು ಮುಖ್ಯವಾಗಿ ಆಡಿಸುವುದೂ ಇದೇ. ಕಿರುಬೆರಳು ಮಾತ್ರ ಇದಕ್ಕೆ ಸೇರಿಲ್ಲ. ಹಾಗಾಗಿ ಕಿರುಬೆರಳು ಬಿಟ್ಟು ಉಳಿದ ಬೆರಳುಗಳಲ್ಲಿ ಜೋಮು, ಅದೂ ರಾತ್ರಿ ಹೊತ್ತಿನಲ್ಲಿ ಜಾಸ್ತಿ, ಕೈ ಕೊಡವಿದರೆ ಕಡಿಮೆ ಎಂದರೆ ಸಂಶಯ ಈ ಸುರಂಗದ ಮೇಲೆಯೇ.

ರಾತ್ರಿ ಯಾಕೆ ಜಾಸ್ತಿ? ನಿದ್ದೆಯಲ್ಲಿ ಮಣಿಕಟ್ಟು ಗೊತ್ತಿಲ್ಲದೆ ಮಡಚಿಕೊಳ್ಳುತ್ತದೆ. ಮಡಚಿದಾಗಲೂ, ಹಿಂದಕ್ಕೆ ಬಾಗಿಸಿದಾಗಲೂ ಸುರಂಗದೊಳಗಿನ ಒತ್ತಡ ಏರುತ್ತದೆ. ಸ್ಕೂಟರ್ ಹ್ಯಾಂಡಲ್ ಹಿಡಿದಾಗ, ಫೋನ್ ಕಿವಿಗೆ ಹಿಡಿದು ತುಂಬ ಹೊತ್ತು ಮಾತಾಡುವಾಗ, ಸುಜೂದ್‌ನಲ್ಲಿ ಅಂಗೈ ಊರಿ ಭಾರ ಬಿಟ್ಟಾಗ ಕೆಲವರಿಗೆ ಜೋಮು ಬರುವುದು ಇದೇ ಕಾರಣಕ್ಕೆ.

ಯಾರಿಗೆ ಬರುತ್ತದೆ?

ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಲವತ್ತು ದಾಟಿದವರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಸಂಧಿವಾತ, ತೂಕ ಜಾಸ್ತಿ ಇರುವುದು, ಹಿಂದೆ ಮಣಿಕಟ್ಟು ಮುರಿದಿರುವುದು, ಡಯಾಲಿಸಿಸ್ ಇವೆಲ್ಲ ದಾರಿ ಮಾಡಿಕೊಡುತ್ತವೆ. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ನೀರು ತುಂಬಿ ಬರುವುದುಂಟು. ಹೆರಿಗೆಯ ನಂತರ ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ, ಅವರು ಆಪರೇಷನ್‌ಗೆ ಅವಸರ ಮಾಡಬೇಕಾಗಿಲ್ಲ.

ಇನ್ನು ಕೆಲಸದ ಮಾತು. ಎಲೆ ಕತ್ತರಿಸುವುದು, ಹುಡಿ ಹಾಕಿ ಸುರುಟುವುದು, ತುದಿ ಮಡಚುವುದು, ನೂಲು ಸುತ್ತುವುದು. ಒಂದು ಬೀಡಿಗೆ ಇಷ್ಟು ಕೈಚಲನೆ. ದಿನಕ್ಕೆ ಐನೂರು, ಸಾವಿರ ಕಟ್ಟುವವರ ಬೆರಳು ಎಷ್ಟು ಸಲ ಮಡಚಿ ಬಿಡಿಸಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಒಂದೇ ಬಗೆಯ ಚಲನೆಯನ್ನು ಬಲ ಹಾಕಿ ಮತ್ತೆ ಮತ್ತೆ ಮಾಡುವುದು, ಕಂಪಿಸುವ ಮೆಷಿನ್ ಹಿಡಿಯುವುದು ಈ ತೊಂದರೆಯ ಅಪಾಯ ಹೆಚ್ಚಿಸುತ್ತದೆ ಎನ್ನುವುದು ಗೊತ್ತಿರುವ ಸಂಗತಿ. ಹಾಗಂತ ಒಬ್ಬರ ಕೈಯಲ್ಲಿ ಇದು ಬೀಡಿಯಿಂದಲೇ ಬಂತು ಎಂದು ಬೆರಳು ತೋರಿಸುವುದು ಕಷ್ಟ. ಬೀಡಿ ಕಟ್ಟುವ ಉಮ್ಮನಿಗೆ ಸಕ್ಕರೆಯೂ ಇರಬಹುದು, ಥೈರಾಯ್ಡ್ ಕೂಡ ಇರಬಹುದು. ಅದಕ್ಕೇ ಕೈ ತೋರಿಸಲು ಹೋದಾಗ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ.

ಎಲ್ಲ ಜೋಮೂ ಇದೇ ಅಲ್ಲ

ಕುತ್ತಿಗೆಯ ಎಲುಬು ಸವೆದು ನರ ಒತ್ತಿದರೂ ಬೆರಳು ಜೋಮು ಹಿಡಿಯುತ್ತದೆ. ಆಗ ಕುತ್ತಿಗೆ, ಭುಜದಿಂದ ನೋವು ಇಳಿದು ಬರುತ್ತದೆ. ಕಿರುಬೆರಳಿನ ಕಡೆ ಜೋಮು ಇದ್ದರೆ ಮೊಣಕೈಯ ಹತ್ತಿರ ಬೇರೊಂದು ನರ ಸಿಕ್ಕಿಕೊಂಡಿರಬಹುದು. ಸಕ್ಕರೆ ಕಾಯಿಲೆಯ ಜೋಮು ಸಾಮಾನ್ಯವಾಗಿ ಮೊದಲು ಪಾದಗಳಲ್ಲಿ ಕಾಣಿಸಿಕೊಳ್ಳುತ್ತದೆ. ಈ ವ್ಯತ್ಯಾಸ ತಿಳಿಯದೆ ಆಪರೇಷನ್ ಮಾಡಿಸಿದರೆ ಕೈಗೆ ಗಾಯವಾದದ್ದಷ್ಟೇ ಲಾಭ.

ಡಾಕ್ಟರರು ಎರಡೂ ಮಣಿಕಟ್ಟು ಮಡಚಿ ಒಂದು ನಿಮಿಷ ಹಿಡಿಯಲು ಹೇಳುತ್ತಾರೆ. ಮಣಿಕಟ್ಟಿನ ಮೇಲೆ ಬೆರಳಿಂದ ತಟ್ಟಿ, ಒತ್ತಿ ನೋಡುತ್ತಾರೆ. ಬೆರಳಿಗೆ ಕರೆಂಟ್ ಹೊಡೆದ ಹಾಗಾದರೆ ಅದೊಂದು ಸೂಚನೆ. ಆಮೇಲೆ ನರದ ವೇಗ ಅಳೆಯುವ ಪರೀಕ್ಷೆ ಬರೆದುಕೊಡುತ್ತಾರೆ. ಸಣ್ಣ ಕರೆಂಟ್ ಕೊಟ್ಟು ನರದಲ್ಲಿ ಸಂಕೇತ ಎಷ್ಟು ಬೇಗ ಹೋಗುತ್ತದೆ ಎಂದು ನೋಡುವ ಪರೀಕ್ಷೆ ಇದು. ಸ್ವಲ್ಪ ಚುರುಕ್ ಎನ್ನುತ್ತದೆ, ಹೆದರುವಂಥದ್ದೇನಿಲ್ಲ. ತೊಂದರೆ ಸೌಮ್ಯವೋ, ಮಧ್ಯಮವೋ, ತೀವ್ರವೋ ಎನ್ನುವುದು ಇದರಿಂದ ತಿಳಿಯುತ್ತದೆ. ಈ ರಿಪೋರ್ಟನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ತೀರ್ಮಾನಕ್ಕೆಲ್ಲ ಅದು ಬೇಕು.

ಆಪರೇಷನ್‌ಗೆ ಮೊದಲು

ಜೋಮು ಬಂದು ಹೋಗುವ ಹಂತದಲ್ಲಿದ್ದರೆ ಮೊದಲ ಔಷಧಿ ಸ್ಪ್ಲಿಂಟ್. ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿ ಇದು. ರಾತ್ರಿ ಮಲಗುವಾಗ ಹಾಕಿಕೊಂಡರೆ ಸಾಕು. ಆದರೆ ಎರಡು ದಿನ ಹಾಕಿ "ಏನೂ ಪ್ರಯೋಜನ ಇಲ್ಲ" ಎಂದು ಬಿಸಾಡಿದರೆ ಆಗುವುದಿಲ್ಲ. ಕನಿಷ್ಠ ಆರು ವಾರ ಬಿಡದೆ ಹಾಕಬೇಕು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಬಟ್ಟೆಯ ಕ್ರೇಪ್ ಬ್ಯಾಂಡೇಜ್ ಇದಕ್ಕೆ ಬದಲಿ ಅಲ್ಲ. ಅದು ಮಣಿಕಟ್ಟನ್ನು ನೇರ ನಿಲ್ಲಿಸುವುದಿಲ್ಲ, ಬಿಗಿಯಾದರೆ ಒತ್ತಡ ಇನ್ನೂ ಜಾಸ್ತಿ.

ಎರಡನೆಯದು ಸುರಂಗದೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್. ಊತ ಇಳಿಸುತ್ತದೆ, ಹೆಚ್ಚಿನವರಿಗೆ ಕೆಲವು ವಾರ, ಕೆಲವು ತಿಂಗಳು ಒಳ್ಳೆಯ ಆರಾಮ ಸಿಗುತ್ತದೆ. ಆದರೆ ಹಲವರಲ್ಲಿ ತೊಂದರೆ ಮರಳಿ ಬರುತ್ತದೆ. ಸಕ್ಕರೆ ಇರುವವರಿಗೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಏರಬಹುದು, ಮೊದಲೇ ಡಾಕ್ಟರರಿಗೆ ಹೇಳಿ.

ಎಣ್ಣೆ ತಿಕ್ಕುವುದರಿಂದ ಕೈಗೆ ಹಿತ ಎನಿಸಬಹುದು. ಬಿ12 ಮಾತ್ರೆ ಕೊರತೆ ಇರುವವರಿಗೆ ಒಳ್ಳೆಯದೇ. ಆದರೆ ಇವು ಯಾವುವೂ ಸುರಂಗವನ್ನು ಅಗಲ ಮಾಡುವುದಿಲ್ಲ. ಇವನ್ನೇ ನಂಬಿ ವರ್ಷ ಕಳೆಯುವುದು ತಪ್ಪು.

ಯಾವಾಗ ಕಾಯಬಾರದು? ಜೋಮು ಬಂದು ಹೋಗುವ ಬದಲು ಹಗಲೂ ರಾತ್ರಿಯೂ ನಿಂತೇ ಬಿಟ್ಟರೆ. ಕೈಯಿಂದ ಲೋಟ ಜಾರಿ ಬೀಳತೊಡಗಿದರೆ. ಅಂಗಿಯ ಬಟನ್ ಹಾಕಲು, ಶಾಲಿಗೆ ಪಿನ್ನು ಚುಚ್ಚಲು, ಸೂಜಿಗೆ ನೂಲು ಪೋಣಿಸಲು ಬೆರಳಿಗೆ ಗೊತ್ತೇ ಆಗದಿದ್ದರೆ. ಹೆಬ್ಬೆರಳಿನ ಬುಡದ ಮಾಂಸ ಇಳಿದು ಗುಳಿ ಬಿದ್ದ ಹಾಗೆ ಕಂಡರೆ. ಈ ಕೊನೆಯ ಲಕ್ಷಣ ಎಲ್ಲಕ್ಕಿಂತ ಗಂಭೀರ. ಎರಡೂ ಅಂಗೈಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಮನೆಯವರೇ ಗುರುತಿಸಬಹುದು.

ಒಂದು ಎಚ್ಚರಿಕೆಯ ಮಾತು. ಕೆಲವರಲ್ಲಿ ವರ್ಷಗಳ ನಂತರ ನೋವು ತಾನಾಗಿ ಕಡಿಮೆಯಾಗುತ್ತದೆ. "ಅಲ್ ಹಮ್ದುಲಿಲ್ಲಾಹ್, ಗುಣ ಆಯ್ತು" ಎಂದು ಸಂತೋಷ ಪಡುತ್ತೇವೆ. ಆದರೆ ನೋವು ಹೋಗಿ ಬೆರಳು ಪೂರ್ತಿ ಮರಗಟ್ಟಿದ್ದರೆ ಅದು ಗುಣವಾದದ್ದಲ್ಲ. ನೋವು ಹೇಳುವ ಶಕ್ತಿಯನ್ನೂ ನರ ಕಳೆದುಕೊಂಡಿದೆ ಎಂದರ್ಥ. ಬಿಸಿ ಪಾತ್ರೆ ಮುಟ್ಟಿ ಬೆರಳು ಸುಟ್ಟರೂ ಗೊತ್ತಾಗದ ಸ್ಥಿತಿ ಅದು.

ಕೊಯ್ಯುವುದು ಒಂದೇ, ದಾರಿ ಬೇರೆ

ಯಾವ ಹೆಸರಿನ ಆಪರೇಷನ್ ಆದರೂ ಒಳಗೆ ಮಾಡುವ ಕೆಲಸ ಒಂದೇ: ಮುಚ್ಚಳದಂತಿರುವ ಆ ಪಟ್ಟಿಯನ್ನು ಉದ್ದಕ್ಕೆ ಪೂರ್ತಿ ಕತ್ತರಿಸುವುದು. ಪಟ್ಟಿ ಬಿಟ್ಟುಕೊಂಡ ಕೂಡಲೇ ಸುರಂಗ ಅಗಲವಾಗುತ್ತದೆ, ನರದ ಮೇಲಿನ ಭಾರ ಇಳಿಯುತ್ತದೆ. ನರವನ್ನು ಯಾರೂ ಕತ್ತರಿಸುವುದಿಲ್ಲ. "ನರಕ್ಕೆ ಕತ್ತಿ ಹಾಕ್ತಾರಂತೆ" ಎಂಬ ಭಯ ಇಟ್ಟುಕೊಳ್ಳಬೇಕಾಗಿಲ್ಲ. ಕತ್ತರಿಸಿದ ಪಟ್ಟಿಯ ನಡುವೆ ಮುಂದೆ ಹೊಸ ಅಂಗಾಂಶ ಬೆಳೆದು, ಮೊದಲಿಗಿಂತ ಸಡಿಲವಾಗಿ ಕೂಡಿಕೊಳ್ಳುತ್ತದೆ.

ಮಣಿಕಟ್ಟಿನಲ್ಲಿ ಈ ನರ ಒತ್ತಿಹೋಗುವುದನ್ನು ಇಂಗ್ಲೆಂಡಿನ ಸರ್ಜನ್ ಜೇಮ್ಸ್ ಪೇಜೆಟ್ 1854ರಲ್ಲೇ ವಿವರಿಸಿದ್ದರು. 1933ರಲ್ಲಿ ಜೇಮ್ಸ್ ಲಿಯರ್‌ಮಂತ್ ಪಟ್ಟಿ ಕತ್ತರಿಸಿ ನರವನ್ನು ಬಿಡಿಸಿದ್ದನ್ನು ದಾಖಲಿಸಿದರು. 1950ರ ದಶಕದಲ್ಲಿ ಅಮೆರಿಕದ ಜಾರ್ಜ್ ಫೇಲನ್ ಅವರಿಂದಾಗಿ ಈ ಕಾಯಿಲೆ ಎಲ್ಲ ಡಾಕ್ಟರರಿಗೂ ಪರಿಚಯವಾಯಿತು. ಮಣಿಕಟ್ಟು ಮಡಚಿ ನೋಡುವ ಪರೀಕ್ಷೆಗೆ ಅವರದೇ ಹೆಸರು. ಕ್ಯಾಮರಾ ಹಾಕಿ ಮಾಡುವ ವಿಧಾನ ಬಂದದ್ದು 1980ರ ದಶಕದ ಕೊನೆಯಲ್ಲಿ, ಜಪಾನಿನ ಒಕುಟ್ಸು ಮತ್ತು ಅಮೆರಿಕದ ಚೌ ಅವರ ಕೆಲಸದಿಂದ. ಅಂದರೆ ಇವು ಯಾವುವೂ ನಿನ್ನೆ ಮೊನ್ನೆ ಬಂದ ಪ್ರಯೋಗಗಳಲ್ಲ.

ತೆರೆದ ಆಪರೇಷನ್: ಅಂಗೈಯ ಬುಡದಲ್ಲಿ ಮೂರರಿಂದ ಐದು ಸೆಂಟಿಮೀಟರ್ ಉದ್ದ ಕೊಯ್ದು, ಪಟ್ಟಿಯನ್ನೂ ನರವನ್ನೂ ಕಣ್ಣೆದುರು ನೋಡಿಯೇ ಕತ್ತರಿಸುತ್ತಾರೆ. ಎಲ್ಲ ಕಡೆ ಲಭ್ಯ, ದುಬಾರಿ ಸಲಕರಣೆ ಬೇಡ, ಎಲುಬಿನ ಸರ್ಜನ್‌ಗಳಿಗೆ ಚೆನ್ನಾಗಿ ಅಭ್ಯಾಸ ಇರುವುದು. ಒಳಗೆ ಗಡ್ಡೆ ಇದ್ದರೆ, ಹಳೆಯ ಮುರಿತದಿಂದ ಆಕಾರ ಕೆಟ್ಟಿದ್ದರೆ, ಸಂಧಿವಾತದಿಂದ ಪೊರೆ ದಪ್ಪಗಾಗಿದ್ದರೆ ಅದನ್ನೂ ಇದೇ ದಾರಿಯಲ್ಲಿ ಸರಿಪಡಿಸಬಹುದು. ತೊಂದರೆ ಏನೆಂದರೆ, ಗಾಯ ಬೀಳುವುದು ಅಂಗೈಯ ಮೇಲೆ. ಕೈ ಊರಿದಾಗ, ಏನಾದರೂ ಬಿಗಿಯಾಗಿ ಹಿಡಿದಾಗ ಕೆಲವು ವಾರ ಗಾಯದ ಜಾಗ ನೋಯುತ್ತದೆ.

ಸಣ್ಣ ಗಾಯದ ತೆರೆದ ಆಪರೇಷನ್: ಇದೂ ಮೇಲಿನದೇ. ಗಾಯ ಮಾತ್ರ ಸುಮಾರು ಎರಡು ಸೆಂಟಿಮೀಟರ್. ಕ್ಯಾಮರಾ ಬೇಡ, ಹೆಚ್ಚಿನ ಖರ್ಚಿಲ್ಲ. ಗಾಯದ ಕಲೆಯೂ ಚಿಕ್ಕದು. ಆದರೆ ಸಣ್ಣ ಕಿಂಡಿಯಿಂದ ಪಟ್ಟಿಯ ಎರಡೂ ತುದಿ ಕಾಣುವಂತೆ ಮಾಡಲು ಸರ್ಜನ್‌ಗೆ ಪಳಗಿದ ಕೈ ಬೇಕು. ಇಂದು ಹಲವು ಆಸ್ಪತ್ರೆಗಳಲ್ಲಿ "ಓಪನ್" ಎಂದರೆ ಇದನ್ನೇ ಮಾಡುತ್ತಾರೆ. ಹಾಗಾಗಿ "ಓಪನ್" ಎಂದ ಕೂಡಲೇ ದೊಡ್ಡ ಕೊಯ್ತ ಎಂದು ಎಣಿಸಬೇಡಿ, ಎಷ್ಟು ಉದ್ದ ಎಂದು ಕೇಳಿ.

ಎಂಡೋಸ್ಕೋಪ್ ಆಪರೇಷನ್: ಮಣಿಕಟ್ಟಿನ ಗೆರೆಯಲ್ಲಿ ಸುಮಾರು ಒಂದು ಸೆಂಟಿಮೀಟರಿನ ಒಂದು ಕಿಂಡಿ. ಕೆಲವು ವಿಧಾನದಲ್ಲಿ ಅಂಗೈಯಲ್ಲಿ ಇನ್ನೊಂದು. ಅದರೊಳಗೆ ಪೆನ್ನಿನಷ್ಟು ಸಪೂರ ಕ್ಯಾಮರಾ ತೂರಿಸಿ, ಟಿ.ವಿ. ಪರದೆ ನೋಡುತ್ತಾ ಪಟ್ಟಿಯನ್ನು ಕೆಳಬದಿಯಿಂದ ಕತ್ತರಿಸುತ್ತಾರೆ. ಅಂಗೈಯ ಚರ್ಮಕ್ಕೆ ಹೆಚ್ಚು ಪೆಟ್ಟಿಲ್ಲದ್ದರಿಂದ ಮೊದಲ ವಾರಗಳಲ್ಲಿ ನೋವು ಕಡಿಮೆ, ಹಿಡಿತದ ಬಲ ಬೇಗ ಬರುತ್ತದೆ. ಆದರೆ ಸಲಕರಣೆಗೆ ಖರ್ಚು ಜಾಸ್ತಿ, ಅಭ್ಯಾಸ ಇರುವ ಸರ್ಜನ್ ಬೇಕು. ಒಳಗೆ ಸರಿಯಾಗಿ ಕಾಣದಿದ್ದರೆ ನಡುವೆಯೇ ತೆರೆದ ಆಪರೇಷನ್‌ಗೆ ಬದಲಾಯಿಸುತ್ತಾರೆ. ಅದು ಸೋಲಲ್ಲ, ನರವನ್ನು ಉಳಿಸುವ ಬುದ್ಧಿವಂತಿಕೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ಈ ಮಾತು ತಿಳಿದಿರಲಿ. ಹಿಂದೊಮ್ಮೆ ಆಪರೇಷನ್ ಆಗಿ ತೊಂದರೆ ಮರಳಿ ಬಂದವರಿಗೆ, ಮಣಿಕಟ್ಟು ಹಿಂದಕ್ಕೆ ಬಾಗದವರಿಗೆ ಸಾಮಾನ್ಯವಾಗಿ ಈ ದಾರಿ ಹೇಳುವುದಿಲ್ಲ.

ಇವುಗಳಲ್ಲದೆ, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಬಹಳ ಸಣ್ಣ ಬ್ಲೇಡ್ ಅಥವಾ ದಾರದಿಂದ ಪಟ್ಟಿ ಕತ್ತರಿಸುವ ವಿಧಾನವೂ ಬಂದಿದೆ. ಇನ್ನೂ ಕೆಲವೇ ಕಡೆ ಮಾಡುತ್ತಾರೆ.

ಅಕ್ಕಪಕ್ಕ ಇಟ್ಟು ನೋಡಿದರೆ

ತೆರೆದ ವಿಧಾನ ಮತ್ತು ಎಂಡೋಸ್ಕೋಪ್ ವಿಧಾನವನ್ನು ಹೋಲಿಸಿ ಜಗತ್ತಿನಲ್ಲಿ ಬಹಳಷ್ಟು ಅಧ್ಯಯನ ನಡೆದಿದೆ. 2014ರಲ್ಲಿ ಕೊಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಅಂಥ 28 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿತು. ಜೋಮು ಹೋಗುವುದರಲ್ಲಿ, ಕೈ ಕೆಲಸಕ್ಕೆ ಬರುವುದರಲ್ಲಿ ಎರಡೂ ಹೆಚ್ಚು ಕಡಿಮೆ ಸಮ ಎಂಬುದು ಅದರ ಸಾರ. ಎಂಡೋಸ್ಕೋಪ್ ಮಾಡಿಸಿಕೊಂಡವರು ಸರಾಸರಿ ಎಂಟು ದಿನ ಮೊದಲು ಕೆಲಸಕ್ಕೆ ಮರಳಿದ್ದರು. ಅವರಲ್ಲಿ ಗಾಯದ ನೋವಿನಂಥ ಸಣ್ಣಪುಟ್ಟ ತೊಂದರೆ ಕಡಿಮೆ. ಆದರೆ ನರಕ್ಕೆ ತಾತ್ಕಾಲಿಕ ಪೆಟ್ಟು ಬಿದ್ದು ಕೆಲವು ವಾರ ಜೋಮು ಹೆಚ್ಚಾಗುವುದು ಎಂಡೋಸ್ಕೋಪ್‌ನಲ್ಲಿ ಜಾಸ್ತಿ. ದೊಡ್ಡ ಅನಾಹುತ ಎರಡರಲ್ಲೂ ಅಪರೂಪ, ಅದರಲ್ಲಿ ವ್ಯತ್ಯಾಸ ಕಂಡಿಲ್ಲ. ಕಾಯಿಲೆ ಮರಳಿ ಬರುವುದರಲ್ಲೂ ವ್ಯತ್ಯಾಸ ಕಂಡಿಲ್ಲ.

ಇದನ್ನು ನಮ್ಮ ಮನೆಯ ಲೆಕ್ಕಕ್ಕೆ ತಂದು ನೋಡೋಣ. ಗಲ್ಫ್‌ನಿಂದ ಒಂದು ತಿಂಗಳ ರಜೆಗೆ ಬಂದವರಿಗೆ ಎಂಟು ದಿನ ಎಂದರೆ ದೊಡ್ಡ ಸಂಗತಿ. ಖರ್ಚು ತಾಳುವುದಾದರೆ, ಅಭ್ಯಾಸ ಇರುವ ಸರ್ಜನ್ ಸಿಕ್ಕಿದರೆ ಅವರು ಎಂಡೋಸ್ಕೋಪ್ ಕಡೆ ಒಲಿಯಬಹುದು. ಆದರೆ ಊರಿಗೆ ಬಂದ ಕೂಡಲೇ ಮಾಡಿಸಬೇಕು, ಟಿಕೆಟ್‌ಗೆ ಒಂದು ವಾರ ಇರುವಾಗ ಅಲ್ಲ. ಹೊಲಿಗೆ ಬಿಚ್ಚಿ, ಒಮ್ಮೆ ಸರ್ಜನ್‌ಗೆ ತೋರಿಸಿ ಹೊರಡುವಷ್ಟು ಸಮಯ ಇರಲಿ. ಭಾರದ ಕೆಲಸ ಮಾಡುವವರಾದರೆ ಆ ಒಂದು ತಿಂಗಳೂ ಸಾಕಾಗದು, ಕಂಪೆನಿಗೆ ಕೊಡಲು ಡಾಕ್ಟರರ ಪತ್ರ ಬರೆಸಿಕೊಳ್ಳಿ.

ಮನೆಯಲ್ಲಿ ಕೆಲಸ ಹಂಚಿಕೊಳ್ಳುವ ಮಗಳು, ಸೊಸೆ ಇದ್ದು, ಖರ್ಚು ಮುಖ್ಯ ಎನ್ನುವವರಿಗೆ ತೆರೆದ ಆಪರೇಷನ್ ಯಾವ ಲೆಕ್ಕದಲ್ಲೂ ಕೀಳಲ್ಲ. ಆರು ತಿಂಗಳು ಕಳೆದ ಮೇಲೆ ಎರಡೂ ಕೈಗಳನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಹೇಳುವುದು ಕಷ್ಟ. ಸಾಲ ಮಾಡಿ ಕ್ಯಾಮರಾ ಆಪರೇಷನ್ ಮಾಡಿಸಬೇಕಾದ ಅಗತ್ಯ ಇಲ್ಲ. ಹಣ ಕೂಡಿಸಲಿಕ್ಕೆಂದು ಒಂದು ವರ್ಷ ಮುಂದೆ ಹಾಕುವುದಂತೂ ಬೇಡವೇ ಬೇಡ. ಆ ಒಂದು ವರ್ಷದಲ್ಲಿ ನರ ಕಳೆದುಕೊಳ್ಳುವುದನ್ನು ಯಾವ ಕ್ಯಾಮರಾವೂ ಮರಳಿ ಕೊಡುವುದಿಲ್ಲ.

ಅರಿವಳಿಕೆ ಹೇಗೆ?

ಮೈಮರೆಸಿ ಮಲಗಿಸುವ ಅಗತ್ಯ ಹೆಚ್ಚಿನವರಿಗೆ ಇಲ್ಲ. ಕೈಗೆ ಮಾತ್ರ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದರೆ ಸಾಕು. ಹತ್ತು, ಇಪ್ಪತ್ತು ನಿಮಿಷದ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ. ಕೆಲವು ಕಡೆ ರಕ್ತ ಬಾರದಂತೆ ತೋಳಿಗೆ ಬಿಗಿಯಾದ ಪಟ್ಟಿ ಕಟ್ಟುತ್ತಾರೆ. ಅದೇ ನೋಯುವುದು ಎಂದು ಹಲವರು ದೂರುತ್ತಾರೆ. ಮರಗಟ್ಟಿಸುವ ಔಷಧಿಯ ಜತೆ ಅಡ್ರಿನಲಿನ್ ಸೇರಿಸಿ, ತೋಳಿಗೆ ಪಟ್ಟಿಯೇ ಇಲ್ಲದೆ, ರೋಗಿ ಎಚ್ಚರದಲ್ಲಿ ಮಾತಾಡುತ್ತಿರುವಾಗಲೇ ಮಾಡುವ ವಿಧಾನ ಕೆನಡಾದ ಸರ್ಜನ್ ಡೊನಾಲ್ಡ್ ಲಲೋಂಡ್ ಅವರಿಂದ ಜನಪ್ರಿಯವಾಗಿದೆ. ಸಕ್ಕರೆ, ಹೃದಯದ ತೊಂದರೆ ಇರುವ ಹಿರಿಯರಿಗೆ ಇದು ಅನುಕೂಲ. "ಉಮ್ಮನಿಗೆ ಹಾರ್ಟ್ ಪ್ರಾಬ್ಲೆಮ್ ಉಂಟು, ಆಪರೇಷನ್ ಹೇಗೆ ಮಾಡಿಸುವುದು" ಎಂದು ಹಿಂಜರಿಯುವವರು ಈ ಬಗ್ಗೆ ಕೇಳಿ ನೋಡಬೇಕು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಡಾಕ್ಟರರಿಗೆ ಹೇಳಬೇಕು, ತಾವಾಗಿ ನಿಲ್ಲಿಸಬಾರದು.

ಮನೆಗೆ ಬಂದ ಮೇಲೆ

ಮೊದಲ ದಿನದಿಂದಲೇ ಬೆರಳು ಮಡಚಿ ಬಿಡಿಸುತ್ತಾ ಇರಬೇಕು. ಕೈಯನ್ನು ದಿಂಬಿನ ಮೇಲೆ ಎತ್ತರದಲ್ಲಿ ಇಟ್ಟುಕೊಳ್ಳಬೇಕು. "ಆಪರೇಷನ್ ಆದ ಕೈ, ಅಲ್ಲಾಡಿಸಬೇಡ" ಎಂಬ ಮನೆಯವರ ಪ್ರೀತಿಯೇ ಬೆರಳುಗಳನ್ನು ಬಿರುಸು ಮಾಡುತ್ತದೆ. ಹೊಲಿಗೆ ಬಿಚ್ಚುವುದು ಹತ್ತರಿಂದ ಹದಿನಾಲ್ಕು ದಿನದಲ್ಲಿ. ಅಲ್ಲಿಯವರೆಗೆ ಗಾಯ ಒದ್ದೆಯಾಗಬಾರದು.

ವುಝೂ ಹೇಗೆ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಬಂದೇ ಬರುತ್ತದೆ. ಗಾಯಕ್ಕೆ ಪಟ್ಟಿ ಕಟ್ಟಿದವರಿಗೆ ಧರ್ಮದಲ್ಲಿ ರಿಯಾಯಿತಿ ಉಂಟು. ಡಾಕ್ಟರರು ಎಷ್ಟು ದಿನ ನೀರು ಬೇಡ ಎಂದಿದ್ದಾರೆ ಎನ್ನುವುದನ್ನು ಉಸ್ತಾದರಿಗೆ ತಿಳಿಸಿ, ಕ್ರಮವನ್ನು ಅವರಲ್ಲೇ ಕೇಳಿಕೊಳ್ಳಿ. ಸಂಕೋಚದಿಂದ ಬ್ಯಾಂಡೇಜ್ ಒದ್ದೆ ಮಾಡಿಕೊಂಡು ಸೋಂಕು ತಂದುಕೊಳ್ಳುವುದು ಬೇಡ. ಸುಜೂದ್‌ನಲ್ಲಿ ಆ ಅಂಗೈ ಮೇಲೆ ಭಾರ ಬಿಡುವುದು ಕೆಲವು ವಾರ ಕಷ್ಟವಾಗಬಹುದು. ಅದನ್ನೂ ಮೊದಲೇ ಕೇಳಿ ತಿಳಿದುಕೊಂಡರೆ ಮನಸ್ಸಿಗೆ ನಿರಾಳ.

ಎರಡೂ ಕೈಗೆ ತೊಂದರೆ ಇರುವವರು ಬಹಳ ಮಂದಿ. "ಎರಡೂ ಒಟ್ಟಿಗೆ ಮುಗಿಸಿಬಿಡುವ" ಎನಿಸುವುದು ಸಹಜ. ಮಾಡಲೂ ಆಗುತ್ತದೆ. ಆದರೆ ಊಟ ಒಂದು ಕೈಯಲ್ಲಿ, ಶೌಚ ಇನ್ನೊಂದು ಕೈಯಲ್ಲಿ ಎನ್ನುವ ನಮ್ಮ ರೂಢಿಗೆ ಎರಡೂ ಕೈ ಕಟ್ಟಿಹಾಕಿದರೆ ಮೊದಲ ಕೆಲವು ದಿನ ಇನ್ನೊಬ್ಬರನ್ನೇ ಅವಲಂಬಿಸಬೇಕಾದೀತು. ನೋಡಿಕೊಳ್ಳುವವರು ಇಲ್ಲದಿದ್ದರೆ ಹೆಚ್ಚು ತೊಂದರೆಯ ಕೈ ಮೊದಲು, ಕೆಲವು ವಾರದ ನಂತರ ಇನ್ನೊಂದು ಎನ್ನುವುದೇ ಸಲೀಸು.

ತಿಂಡಿ ತಿನ್ನುವುದು, ಬರೆಯುವುದು, ಫೋನ್ ಹಿಡಿಯುವುದು ಕೆಲವೇ ದಿನದಲ್ಲಿ ಆಗುತ್ತದೆ. ಬಟ್ಟೆ ಹಿಂಡುವುದು, ಕಾಯಿ ತುರಿಯುವುದು, ನೀರಿನ ಕೊಡ ಎತ್ತುವುದು, ಕಬ್ಬಿಣದ ಕೆಲಸ, ಭಾರದ ಮೆಷಿನ್ ಇವುಗಳಿಗೆ ಆರು ವಾರದ ಮಟ್ಟಿಗಾದರೂ ಬಿಡುವು ಬೇಕು. ಬೀಡಿಯ ಸೂಪು ಮತ್ತೆ ಮಡಿಲಿಗೆ ಬರುವಾಗ ಮೊದಲು ಇನ್ನೂರು, ಮುನ್ನೂರರಿಂದ ಶುರುವಾಗಲಿ, ನಡುನಡುವೆ ಕೈಗೆ ವಿರಾಮ ಸಿಗಲಿ. ಮಜೂರಿ ಕಡಿಮೆಯಾಗುವುದು ನಿಜ. ಆ ಎರಡು ತಿಂಗಳ ಖರ್ಚನ್ನೂ ಆಪರೇಷನ್ ಖರ್ಚಿನ ಲೆಕ್ಕದಲ್ಲೇ ಸೇರಿಸಿ ಮನೆಯವರೆಲ್ಲ ಕುಳಿತು ಯೋಚಿಸಬೇಕು.

ಎಷ್ಟು ಗುಣವಾಗುತ್ತದೆ?

ರಾತ್ರಿಯ ನೋವು ಮತ್ತು ಜೋಮು ಹಲವರಲ್ಲಿ ಮೊದಲ ಕೆಲವು ದಿನದಲ್ಲೇ ಹೋಗುತ್ತದೆ. ಬಹಳ ಕಾಲದ ನಂತರ ಪೂರ್ತಿ ನಿದ್ದೆ ಬಂತು ಎಂದು ಹೇಳುವವರು ಇವರೇ. ಹಗಲಿನ ಮರಗಟ್ಟುವಿಕೆ ಹೋಗಲು ವಾರ, ತಿಂಗಳು ಬೇಕು. ಹಾಳಾದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಹಿಡಿತದ ಬಲ ಎರಡು ಮೂರು ತಿಂಗಳಲ್ಲಿ ಹಿಂದಿನ ಮಟ್ಟಕ್ಕೆ ಬರುತ್ತದೆ. ಅಂಗೈಯ ಬುಡದ ಎರಡು ಬದಿಯಲ್ಲಿ ಒತ್ತಿದರೆ ನೋಯುವುದು ಯಾವ ವಿಧಾನದಲ್ಲಾದರೂ ಬರಬಹುದು. ಕೆಲವು ತಿಂಗಳಲ್ಲಿ ಅದು ಇಳಿಯುತ್ತದೆ, ಆಪರೇಷನ್ ಕೆಟ್ಟಿತು ಎಂದಲ್ಲ.

ಆದರೆ ವರ್ಷಗಟ್ಟಲೆ ತಡ ಮಾಡಿ, ಬೆರಳು ಸದಾ ಮರಗಟ್ಟಿ, ಹೆಬ್ಬೆರಳ ಬುಡದ ಮಾಂಸ ಕರಗಿದ ಮೇಲೆ ಬಂದವರಿಗೆ ಡಾಕ್ಟರರು ಬೇರೆ ಮಾತು ಹೇಳುತ್ತಾರೆ: "ಇನ್ನಷ್ಟು ಕೆಡದ ಹಾಗೆ ಮಾಡಬಹುದು, ಹೋದದ್ದು ಪೂರ್ತಿ ಬರುತ್ತದೆ ಎಂದು ಹೇಳಲಾಗದು." ನೋವು ಹೋಗುತ್ತದೆ, ಬಟನ್ ಹಾಕುವ ನಾಜೂಕು ಬಾರದೆ ಇರಬಹುದು. ಆಗಲೂ ಆಪರೇಷನ್ ವ್ಯರ್ಥವಲ್ಲ. ಆದರೆ ಇದನ್ನು ತಿಳಿದೇ ಒಳಗೆ ಹೋಗಬೇಕು. ಇಲ್ಲದಿದ್ದರೆ "ಆಪರೇಷನ್ ಮಾಡಿಸಿಯೂ ಎಂತದೂ ಆಗಲಿಲ್ಲ" ಎಂಬ ಮಾತು ಹರಡುತ್ತದೆ, ಅದನ್ನು ಕೇಳಿ ಪಕ್ಕದ ಮನೆಯವರೂ ತಡ ಮಾಡುತ್ತಾರೆ.

ಸೋಂಕು, ನರಕ್ಕೆ ಪೆಟ್ಟು, ಕೈ ಊದಿಕೊಂಡು ದೀರ್ಘಕಾಲ ನೋಯುವುದು ಅಪರೂಪ. ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ, ನೋವು ದಿನದಿಂದ ದಿನಕ್ಕೆ ಏರಿದರೆ ಕೂಡಲೇ ಹೋಗಿ ತೋರಿಸಿ. ಜೋಮು ಸ್ವಲ್ಪವೂ ಕಡಿಮೆಯಾಗದಿದ್ದರೆ ಪಟ್ಟಿ ಪೂರ್ತಿ ಕತ್ತರಿಸಿ ಹೋಗಿಲ್ಲವೋ, ಕಾರಣವೇ ಬೇರೆ ಇತ್ತೋ ಎಂದು ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಎಲ್ಲಿ ಹೋಗುವುದು, ಏನು ಕೇಳುವುದು?

ಮಂಗಳೂರಿನ ವೆನ್ಲಾಕ್‌ನಂಥ ಸರಕಾರಿ ಆಸ್ಪತ್ರೆಯ ಎಲುಬು ವಿಭಾಗದಲ್ಲಿ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ಮೊದಲು ತೋರಿಸಬಹುದು. ಬಿಪಿಎಲ್ ಕಾರ್ಡ್ ಇರುವವರು ಹೋಗುವಾಗ ಅದನ್ನೂ ಆಧಾರ್ ಕಾರ್ಡನ್ನೂ ಕೊಂಡುಹೋಗಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಅಲ್ಲಿನ ಆರೋಗ್ಯಮಿತ್ರರಲ್ಲಿ ವಿಚಾರಿಸಿ. ಬೀಡಿ ಕಾರ್ಮಿಕರ ಗುರುತಿನ ಚೀಟಿ ಇರುವವರು ಕಾರ್ಮಿಕ ಕಲ್ಯಾಣ ಇಲಾಖೆಯ ಡಿಸ್ಪೆನ್ಸರಿಯಲ್ಲೂ ಕೇಳಬಹುದು. ಮಾಡಿಸಿದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ, ಮೊದಲೇ ಕೇಳಬೇಕು.

ಡಾಕ್ಟರರ ಎದುರು ಕುಳಿತಾಗ ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ನನ್ನ ತೊಂದರೆ ಸೌಮ್ಯವೋ, ಮಧ್ಯಮವೋ, ತೀವ್ರವೋ? ನರದ ಪರೀಕ್ಷೆ ಏನು ಹೇಳುತ್ತದೆ?

2. ಸ್ಪ್ಲಿಂಟ್, ಇಂಜೆಕ್ಷನ್‌ನಿಂದ ಕಾಯಬಹುದೇ? ಎಷ್ಟು ವಾರ ಕಾಯಬಹುದು?

3. ನೀವು ಯಾವ ವಿಧಾನದಲ್ಲಿ ಮಾಡುತ್ತೀರಿ? ಅದರಲ್ಲಿ ಎಷ್ಟು ಅಭ್ಯಾಸ ಉಂಟು? ಗಾಯ ಎಲ್ಲಿ, ಎಷ್ಟು ಉದ್ದ?

4. ಅರಿವಳಿಕೆ ಯಾವುದು? ನನ್ನ ಸಕ್ಕರೆ, ಬಿ.ಪಿ., ಹೃದಯದ ಮಾತ್ರೆಗಳನ್ನು ಏನು ಮಾಡಬೇಕು?

5. ನನ್ನ ಕೆಲಸ ಇಂಥದ್ದು. ಯಾವಾಗ ಮರಳಬಹುದು?

6. ನನ್ನ ಕೈಯಲ್ಲಿ ಪೂರ್ತಿ ಸ್ಪರ್ಶ ಮರಳುವ ನಿರೀಕ್ಷೆ ಉಂಟೇ?

ಈ ಆರರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು. ಸಮಯಕ್ಕೆ ಸರಿಯಾಗಿ, ಪಳಗಿದ ಕೈಯಿಂದ ಮಾಡಿಸಿದ ಸಾದಾ ಆಪರೇಷನ್, ತಡವಾಗಿ ಮಾಡಿಸಿದ ದುಬಾರಿ ಆಪರೇಷನ್‌ಗಿಂತ ಯಾವತ್ತೂ ಮೇಲು. ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಉಮ್ಮನ ಹತ್ತಿರ ಕುಳಿತು, ಎರಡೂ ಅಂಗೈ ಚಾಚಲು ಹೇಳಿ ಹೆಬ್ಬೆರಳ ಬುಡ ನೋಡಿ. ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ಕೇಳಿ. "ಎಂತ ಇಲ್ಲ" ಎಂಬ ಉತ್ತರ ಬಂದರೆ ಇನ್ನೊಮ್ಮೆ ಕೇಳಿ.